ಹಳೆಯ ಸಂಕ, ಹೊಸ ಸಂಕ

ಸಂಕವೆಂದರೇನೆಂದು ಬಯಲುಸೀಮೆಯ ವಾಚಕರು ಕೇಳಿಯಾರು. ಮಲೆನಾಡಿನ ಹಳ್ಳಗಳಿಗೆ ಅಡ್ಡಲಾಗಿ, ಈ ದಡದಿಂದ ಆ ದಡಕ್ಕೆ ಎರಡೋ ಮೂರೋ ಅಡಕೆಯ ಮರಗಳನ್ನು ಮಲಗಿಸಿ, ಬಳ್ಳಿಯಿಂದ ಬಿಗಿದು, ಹಿಡಿದುಕೊಳ್ಳಲು ಒಂದು ಬಿದಿರಿನ ಗಳುವನ್ನು ಕಟ್ಟಿದರೆ ಅದೇ ಸಂಕ. ಸಂಸ್ಕೃತದ ‘ಸಂಕ್ರಮ’ವೆಂಬ ಮಾತಿಗೆ ಸೇತುವೆಯೆಂಬ ಅರ್ಥವೂ ಉಂಟು, ನಮ್ಮ ಸಂಕ ಅದರ ಬಡ ನಂಟ. ಸೇತುವೆಯೆಂದು ಕರೆಸಿಕೊಳ್ಳುವ ದೊಡ್ಡಸ್ತಿಕೆ ಅದಕ್ಕಿಲ್ಲ. ಅದನ್ನು ಉದ್ಘಾಟಿಸಲು ಮಂತ್ರಿಗಳು ಬರುವುದಿಲ್ಲ. ಅದರ ಪಕ್ಕದಲ್ಲಿ ಹೆಸರು ಕೆತ್ತಿದ ಕಲ್ಲು ನಿಲ್ಲುವುದಿಲ್ಲ. ಎರಡು ಮಳೆಗಾಲಗಳನ್ನು ಕಂಡಿತೆಂದರೆ ಮರ ಒಳಗಿಂದೊಳಗೇ ಕೊಳೆಯತೊಡಗುತ್ತದೆ, ಮೇಲೆ ಹಾವಸೆ ಹಿಡಿಯುತ್ತದೆ. ಮೂರನೆಯ ಮಳೆಗಾಲ ಹಿಡಿಯುವುದರೊಳಗಾಗಿ ಅದನ್ನು ಬದಲಿಸಲೇಬೇಕು. ಹೀಗೆ ಬದಲಿಸುವ ಕೆಲಸದಲ್ಲಿ ಎಷ್ಟು ವಿವೇಕ ಅಡಗಿದೆಯೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅದೂ ಅಡಕೆಯ ತೋಟಕ್ಕೂ ತನಗೂ ಏನೇನೂ ಸಂಬಂಧವಿಲ್ಲದಂತೆ ಕಾಣುವ ಗಣಕಯಂತ್ರದ ಮೂಲಕ.

ಸಿದ್ದಾಪುರ ತಾಲೂಕಿನ ತ್ಯಾಗಲಿಯಲ್ಲಿ ನಮ್ಮ ಮನೆ. ಮನೆಯ ಕೆಳಗೆ ತೋಟ, ತೋಟದ ಅಂಚಿಗೆ ಹಳ್ಳ, ಹಳ್ಳದ ಆಚೆಗೆ ಸೊಪ್ಪಿನ ಬೆಟ್ಟ. ದಿನಕ್ಕೆ ಎಷ್ಟು ಸಲ ಆ ಹಳ್ಳವನ್ನು ದಾಟುತ್ತಿದ್ದೆವೆಂದು ಲೆಕ್ಕವಿಟ್ಟವರಿಲ್ಲ. ತೋಟಕ್ಕೆ ಸೊಪ್ಪಿನ ಹೊರೆ ಬರಬೇಕು, ಕೊಟ್ಟಿಗೆಗೆ ದರಕು ಬರಬೇಕು, ದನಗಳಿಗೆ ಹುಲ್ಲು ಬರಬೇಕು. ಸಂಕವನ್ನು ಬದಲಿಸಬೇಕೆಂದು ದಾರಿಯನ್ನೇ ನಿಲ್ಲಿಸಿದರೆ ಅಂದಿನ ಕೆಲಸವೆಲ್ಲ ನಿಂತಂತೆಯೇ. ಆದಕಾರಣ ನಮ್ಮ ಅಜ್ಜ ದಾರಿಯನ್ನು ನಿಲ್ಲಿಸುತ್ತಿರಲಿಲ್ಲ.

ಅವರ ಕ್ರಮ ಹೀಗಿತ್ತು. ಹಳೆಯ ಸಂಕವನ್ನು ಮುಟ್ಟದೆ, ಅದಕ್ಕಿಂತ ಇಪ್ಪತ್ತು ಮಾರು ಮೇಲಕ್ಕೆ ಹೊಸದೊಂದನ್ನು ಹಾಕಿಸುವುದು. ಅದು ಪೂರ್ತಿ ಸಿದ್ಧವಾಗಿ, ತಾವೇ ಒಮ್ಮೆ ಅದರ ಮೇಲೆ ನಡೆದು ನೋಡಿದ ತರುವಾಯ, ಎರಡು ಕಡೆಯಲ್ಲಿಯೂ ಹಾದಿ ಕವಲೊಡೆಯುವಲ್ಲಿ ಹಳೆಯ ಹಾದಿಗೆ ಒಂದು ಮುಳ್ಳುಕಂಟಿಯನ್ನು ಅಡ್ಡವಿಡುವುದು. ಆಮೇಲೆ ಬಂದವರು ಕಂಟಿಯನ್ನು ಕಂಡು ತಾವಾಗಿಯೇ ಹೊಸ ಹಾದಿಗೆ ತಿರುಗುತ್ತಿದ್ದರು. ಯಾರಿಗೂ ಹೇಳಬೇಕಾಗಿರಲಿಲ್ಲ, ಯಾರನ್ನೂ ತಡೆಯಬೇಕಾಗಿರಲಿಲ್ಲ. ಹಳೆಯ ಸಂಕ ಮಾತ್ರ ಇನ್ನೂ ಇದ್ದಲ್ಲಿಯೇ ಇರುತ್ತಿತ್ತು. ಕಂಟಿಯಿಡುವ ಮೊದಲೇ ಕವಲನ್ನು ದಾಟಿ ಹಳೆಯ ಹಾದಿ ಹಿಡಿದವರು ಇರುತ್ತಾರಷ್ಟೆ. ತಲೆಯ ಮೇಲೆ ಹೊರೆ ಹೊತ್ತು ನಡುದಾರಿಯಲ್ಲಿರುವ ಅವರಿಗೆ ಹಳೆಯ ಸಂಕವೇ ಗತಿ.

ಅವರೆಲ್ಲರೂ ದಾಟಿ ಆಯಿತೆಂದು ತಿಳಿಯುವುದು ಹೇಗೆ? ಹಳ್ಳದ ಬಳಿ ಒಬ್ಬನನ್ನು ಕಾವಲು ಕುಳ್ಳಿರಿಸಬಹುದು. ಹೋದವರನ್ನೂ ಬಂದವರನ್ನೂ ಎಣಿಸಬಹುದು. ಅಜ್ಜ ಇದೊಂದನ್ನೂ ಮಾಡುತ್ತಿರಲಿಲ್ಲ. ಮಧ್ಯಾಹ್ನದ ತನಕ ಸುಮ್ಮನಿದ್ದು, ಆಮೇಲೆ ಜಗಲಿಗೆ ಬಂದು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು: “ಎಲ್ಲರದೂ ಊಟ ಆತೋ?”

ಆ ಹಾದಿಯಲ್ಲಿ ತಿರುಗಾಡುವವರು ಮನೆಯವರು, ಇಲ್ಲವೆ ಕೆಲಸಕ್ಕೆ ಬಂದವರು. ಎಲ್ಲರ ಊಟವೂ ನಮ್ಮಲ್ಲಿಯೇ. ಊಟಕ್ಕೆ ಕುಳಿತವನು ಸಂಕದ ಮೇಲಿರಲಾರನು! ಕಂಟಿಯಿಟ್ಟ ಬಳಿಕ ಪ್ರತಿಯೊಬ್ಬನೂ ಒಮ್ಮೆ ಎಲೆಯ ಮುಂದೆ ಕಾಣಿಸಿಕೊಂಡನೆಂದರೆ ಹಳೆಯ ಹಾದಿಯಲ್ಲಿ ಯಾರೂ ಉಳಿದಿಲ್ಲವೆಂದೇ ಅರ್ಥ. ಉಂಡು ಮತ್ತೆ ಹೊರಟವನಿಗೆ ಕಂಟಿ ಎದುರಾಗುತ್ತದೆ. ಅವನ ಚಿಂತೆ ಬೇಡ. “ಆತು” ಎಂಬ ಉತ್ತರ ಒಳಗಿನಿಂದ ಬಂದ ಮೇಲೆಯೇ ಅವರು ಹಳೆಯ ಮರಗಳನ್ನು ಕೀಳಿಸುತ್ತಿದ್ದರು. ಇದಕ್ಕೆ ಹೊಂದಿಕೊಂಡು ಇನ್ನೊಂದು ಕಟ್ಟುಪಾಡೂ ಇತ್ತು. ಸಂಕದ ಮೇಲೆ ಕಾಲು ಇಳಿಬಿಟ್ಟು ಕುಳಿತ ಹುಡುಗರನ್ನು ಕಂಡರೆ ಅಜ್ಜನಿಗೆ ಎಲ್ಲಿಲ್ಲದ ಸಿಟ್ಟು. ಸಂಕವಿರುವುದು ದಾಟಲಿಕ್ಕೆ, ಕುಳಿತುಕೊಳ್ಳಲಿಕ್ಕಲ್ಲ ಎಂದು ಅವರು ಗದರಿದ್ದು ಈಗಲೂ ನನ್ನ ಕಿವಿಯಲ್ಲಿದೆ.

ಕಳೆದ ಬೇಸಗೆಯ ರಜೆಯಲ್ಲಿ ನಾನು ಊರಿಗೆ ಹೋದಾಗ ಚಿಕ್ಕಪ್ಪನ ಮಗನೂ ಬೆಂಗಳೂರಿನಿಂದ ಬಂದಿದ್ದನು. ಅವನಿಗೆ ಅಲ್ಲಿ ಗಣಕಯಂತ್ರಕ್ಕೆ ಸಂಬಂಧಿಸಿದ ಉದ್ಯೋಗ. ಕೈತುಂಬ ಸಂಬಳ, ಕಣ್ತುಂಬ ನಿದ್ದೆಯಿಲ್ಲ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕವಳದ ಬಟ್ಟಲನ್ನು ನಡುವೆ ಇಟ್ಟುಕೊಂಡು ಕುಳಿತಿದ್ದೆವು. ಚಿಕ್ಕಪ್ಪ ಆ ಮೂಲೆಯಲ್ಲಿ ಗೋಡೆಗೆ ಒರಗಿದ್ದರು.

“ನೀನು ಮಾಡುವ ಕೆಲಸವಾದರೂ ಏನು? ಕನ್ನಡದ ಮಾಸ್ತರನಿಗೂ ತಿಳಿಯುವ ಹಾಗೆ ಹೇಳು ನೋಡೋಣ” ಎಂದೆ.

“ಬೀಗ ಹಾಕದೆ ಬಾಗಿಲು ಕಾಯುವ ಕೆಲಸ, ಅಣ್ಣ” ಎಂದು ನಕ್ಕನು ಅವನು. ಅವನು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಇಲ್ಲಿ ಇಡುತ್ತೇನೆ.

ಗಣಕಯಂತ್ರದಲ್ಲಿ ನಮ್ಮ ಕಣ್ಣಿಗೆ ಬೀಳುವ ಕಾರ್ಯಕ್ರಮಗಳೆಲ್ಲವೂ ಹೊರಗಿನ ಸಂಸಾರ. ಅವುಗಳಿಗೆ ಮೆಮೊರಿಯನ್ನು ಹಂಚಿಕೊಡುವ, ಸರದಿಯನ್ನು ಗೊತ್ತುಪಡಿಸುವ, ಬೇಕಾದ ಕಡತವನ್ನು ಹುಡುಕಿಕೊಡುವ ಯಜಮಾನಿಕೆಯೊಂದು ಒಳಗೆ ನಡೆಯುತ್ತಿರುತ್ತದೆ. ಅದಕ್ಕೆ ಕರ್ನೆಲ್ ಎಂದು ಹೆಸರು. ಕಾಯಿಯ ಒಳಗಣ ತಿರುಳು ಎಂದರ್ಥ. ಸಿಪ್ಪೆಯನ್ನು ಸುಲಿದ ಮೇಲೆ ಉಳಿಯುವ ಅಡಕೆ ಇದ್ದಂತೆ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಬರೆಯತೊಡಗಿದ ಲಿನಕ್ಸ್ ಎಂಬುದು ಅಂಥದೊಂದು ತಿರುಳು. ಆಂಡ್ರಾಯ್ಡ್ ಕೈಫೋನುಗಳೊಳಗೆ ಇರುವುದೂ ಅದೇ. ೨೦೧೭ರ ನವೆಂಬರಿನಿಂದೀಚೆಗೆ ಪ್ರಪಂಚದ ಅತಿ ವೇಗದ ಐನೂರು ಗಣಕಗಳ ಪಟ್ಟಿಯಲ್ಲಿ ಎಲ್ಲವನ್ನೂ ನಡೆಸುತ್ತಿರುವುದೂ ಅದೇ.

ಹಿಂದಿನ ಸಾಮಾನ್ಯ ಗಣಕಕ್ಕೆ ಒಂದೇ ಪ್ರೊಸೆಸರು. ಈಗ ಅಂಗೈಯಲ್ಲಿ ಹಿಡಿಯುವ ಫೋನಿನಲ್ಲಿಯೂ ಹಲವು. ದೊಡ್ಡ ಯಂತ್ರಗಳಲ್ಲಿ ನೂರಾರು. ಎಲ್ಲವೂ ಏಕಕಾಲಕ್ಕೆ ಕೆಲಸ ಮಾಡುತ್ತವೆ, ಎಲ್ಲವೂ ಕರ್ನೆಲ್ಲಿನ ಅವವೇ ಪಟ್ಟಿಗಳನ್ನು ನೋಡುತ್ತವೆ. ಒಬ್ಬನು ಓದುತ್ತಿರುವಾಗಲೇ ಇನ್ನೊಬ್ಬನು ತಿದ್ದತೊಡಗಿದರೆ ಗತಿಯೇನು? ಓದುವವನಿಗೆ ಅರ್ಧ ಹಳೆಯದು, ಅರ್ಧ ಹೊಸದು ಸಿಕ್ಕೀತು. ಅರ್ಧ ಹಾಕಿದ ಸಂಕಕ್ಕಿಂತ ಅಪಾಯದ ಸಂಕ ಇನ್ನೊಂದಿಲ್ಲ.

ಇದಕ್ಕೆ ಹಳೆಯ ಪರಿಹಾರವೆಂದರೆ ಬೀಗ. ಒಬ್ಬನು ಒಳಗಿರುವಾಗ ಇನ್ನೊಬ್ಬನು ಹೊರಗೆ ಕಾಯತಕ್ಕದ್ದು. ಡಚ್ ವಿದ್ವಾಂಸ ಡೈಕ್‌ಸ್ಟ್ರಾ ೧೯೬೫ರಲ್ಲಿ ಪ್ರಕಟಿಸಿದ ಒಂದು ಪುಟದ ಲೇಖನದಲ್ಲಿ ಈ ಸಮಸ್ಯೆಯನ್ನು ಸ್ಪಷ್ಟವಾಗಿ ಬಿಡಿಸಿ ತೋರಿಸಿದನು. ಬೀಗ ಸುಲಭದ ಉಪಾಯವೇನೋ ಹೌದು. ೧೯೯೬ರಲ್ಲಿ ಹೊರಬಂದ ಲಿನಕ್ಸಿನ ೨.೦ ಆವೃತ್ತಿಯಲ್ಲಿ ಮೊದಲ ಬಾರಿಗೆ ಹಲವು ಪ್ರೊಸೆಸರುಗಳಿಗೆ ಅವಕಾಶ ದೊರೆತಾಗ, ಇಡೀ ಕರ್ನೆಲ್ಲಿಗೆ ಒಂದೇ ದೊಡ್ಡ ಬೀಗವನ್ನು ಹಾಕಿದ್ದರು. ಮನೆಗೆ ಹತ್ತು ಕೋಣೆಗಳಿದ್ದರೂ ಒಳಗೆ ಒಮ್ಮೆಗೆ ಒಬ್ಬನೇ! ಆ ಬೀಗವನ್ನು ಚೂರು ಚೂರಾಗಿ ಒಡೆದು, ಕೋಣೆಗೊಂದರಂತೆ ಪೆಟ್ಟಿಗೆಗೊಂದರಂತೆ ಸಣ್ಣ ಬೀಗಗಳನ್ನು ಮಾಡಿ, ಕಡೆಗೆ ದೊಡ್ಡದನ್ನು ಪೂರ್ತಿಯಾಗಿ ಕಿತ್ತೆಸೆದದ್ದು ೨೦೧೧ರ ೨.೬.೩೯ನೆಯ ಆವೃತ್ತಿಯಲ್ಲಿ. ಹದಿನೈದು ವರ್ಷ ಹಿಡಿಯಿತು.

ಓದುವವರು ಎಷ್ಟು ಮಂದಿಯಾದರೂ ಒಟ್ಟಿಗೆ ಒಳಗಿರಲಿ, ತಿದ್ದುವವನು ಬಂದಾಗ ಮಾತ್ರ ಎಲ್ಲರೂ ಹೊರಗಿರಲಿ ಎಂಬ ಬೀಗವನ್ನೂ ಮಾಡಿದರು. ನ್ಯಾಯವಾಗಿಯೇ ತೋರುತ್ತದೆ. ಆದರೆ ಇದರಲ್ಲೊಂದು ತೊಡಕುಂಟು. ನಮ್ಮ ಕಾಲೇಜಿನ ಗ್ರಂಥಾಲಯವನ್ನೇ ನೆನೆಸಿಕೊಳ್ಳಿರಿ. ಪುಸ್ತಕವನ್ನು ಓದಲು ಯಾರ ಅಡ್ಡಿಯೂ ಇಲ್ಲ. ಆದರೆ ಒಳಗೆ ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಬಾಗಿಲಲ್ಲಿರುವ ಪುಸ್ತಕದಲ್ಲಿ ರುಜು ಹಾಕಬೇಕು. ಒಳಗೆ ನೂರು ಕುರ್ಚಿಗಳಿದ್ದರೇನು, ರುಜುವಿನ ಪುಸ್ತಕ ಒಂದೇ. ಅರ್ಧ ನಿಮಿಷ ನಿಘಂಟು ನೋಡಿ ಹೋಗಬೇಕಾದವನು ಐದು ನಿಮಿಷ ರುಜುವಿಗಾಗಿ ಸಾಲಿನಲ್ಲಿ ನಿಲ್ಲುತ್ತಾನೆ. ಗಣಕದ ಒಳಗೂ ಇದೇ ಕಥೆ. ಓದುತ್ತಿದ್ದೇನೆಂದು ಗುರುತು ಹಾಕುವುದೂ ಒಂದು ಬರೆವಣಿಗೆಯೇ ತಾನೆ? ಆ ಗುರುತಿನ ತಾಣ ಒಂದು ಪ್ರೊಸೆಸರಿನಿಂದ ಇನ್ನೊಂದಕ್ಕೆ ಓಡಾಡುತ್ತಿರಬೇಕು. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ ಬೆಳಕು ಕೂಡ ಹೋಗುವುದು ಸುಮಾರು ಒಂದು ಅಡಿ. ಅಷ್ಟು ಹೊತ್ತಿನಲ್ಲಿ ಇಂದಿನ ಪ್ರೊಸೆಸರು ಹಲವು ಲೆಕ್ಕಗಳನ್ನು ಮುಗಿಸಿರುತ್ತದೆ. ಗುರುತಿನ ಪುಸ್ತಕ ದೂರದಿಂದ ಬಂದು ಸೇರುವುದಕ್ಕೆ ಅದರ ಹತ್ತಾರು ಪಟ್ಟು, ಕೆಲವೊಮ್ಮೆ ನೂರಾರು ಪಟ್ಟು ಕಾಲ ಬೇಕು. ಪ್ರೊಸೆಸರುಗಳು ಹೆಚ್ಚಿದಷ್ಟೂ ಸಾಲು ಬೆಳೆಯುತ್ತದೆ, ಕೆಲಸ ಬೆಳೆಯುವುದಿಲ್ಲ.

“ಹಾಗಾದರೆ ಓದುವವನನ್ನು ನಿಲ್ಲಿಸಲೇಬಾರದು. ರುಜುವನ್ನೂ ಕೇಳಬಾರದು. ಕಷ್ಟವೆಲ್ಲ ತಿದ್ದುವವನದೇ ಆಗಬೇಕು” ಎಂದನು ನನ್ನ ತಮ್ಮ. “ತಿದ್ದುವವನು ಹಳೆಯದನ್ನು ಮುಟ್ಟಬಾರದು. ಅದರ ಪ್ರತಿಯೊಂದನ್ನು ಪಕ್ಕದಲ್ಲಿ ಮಾಡಿಕೊಂಡು, ಪ್ರತಿಯನ್ನು ತಿದ್ದಬೇಕು. ಪೂರ್ತಿ ಸರಿಯಾದ ಮೇಲೆ, ಹಳೆಯದರತ್ತ ಬೆರಳು ತೋರಿಸುತ್ತಿದ್ದ ಕೈಮರವನ್ನು ಒಂದೇ ಸಲಕ್ಕೆ ಹೊಸದರತ್ತ ತಿರುಗಿಸಬೇಕು. ಆಮೇಲೆ ಬಂದವರು ಹೊಸದನ್ನು ಓದುತ್ತಾರೆ. ಮೊದಲೇ ಬಂದವರು ಹಳೆಯದನ್ನು ಓದಿ ಮುಗಿಸಲಿ. ಅವರೆಲ್ಲ ಹೋದ ಮೇಲೆ ಹಳೆಯದನ್ನು ಅಳಿಸಿದರೆ ಸರಿ.”

ನಾನು ಕೈಯಲ್ಲಿದ್ದ ಎಲೆಗೆ ಸುಣ್ಣ ಹಚ್ಚುವುದನ್ನು ಮರೆತು ಅವನ ಮುಖವನ್ನೇ ನೋಡಿದೆ. “ಇದು ಅಜ್ಜನ ಸಂಕವಲ್ಲವೇನೋ!” ಎಂದೆ.

ಅವನು ಅಜ್ಜನನ್ನು ಕಂಡವನಲ್ಲ. ಅಜ್ಜ ತೀರಿಕೊಂಡ ಮೇಲೆ ಹುಟ್ಟಿದವನು. ಸಂಕದ ಕ್ರಮವನ್ನೂ ಊಟದ ಪ್ರಶ್ನೆಯನ್ನೂ ನಾನೇ ಅವನಿಗೆ ಹೇಳಬೇಕಾಯಿತು. ಊಟದ ಪ್ರಶ್ನೆಯನ್ನು ಕೇಳುತ್ತಲೇ ಅವನು ನೆಟ್ಟಗೆ ಕುಳಿತನು. “ಅಣ್ಣ, ಈ ಉಪಾಯದ ಜೀವವಿರುವುದೇ ಅಲ್ಲಿ” ಎಂದನು.

ಸಂಗತಿ ಏನೆಂದರೆ, ಹಳೆಯದನ್ನು ಓದುತ್ತಿರುವವರು ಯಾರು ಯಾರು ಎಂದು ಕರ್ನೆಲ್ಲು ಲೆಕ್ಕವಿಡುವುದಿಲ್ಲ. ಲೆಕ್ಕವಿಟ್ಟರೆ ಮತ್ತೆ ರುಜುವಿನ ಪುಸ್ತಕವೇ ಬಂದಂತಾಯಿತು. ಅದರ ಬದಲು ಓದುಗನಿಗೆ ಒಂದೇ ಕಟ್ಟುಪಾಡು: ಓದುತ್ತಿರುವ ನಡುವೆ ನಿದ್ರಿಸಬಾರದು, ಕೆಲಸವನ್ನು ಇನ್ನೊಬ್ಬನಿಗೆ ಬಿಟ್ಟು ಏಳಬಾರದು. ಸಂಕದ ಮೇಲೆ ಕುಳಿತುಕೊಳ್ಳಬಾರದು, ಅಷ್ಟೆ. ಈ ಕಟ್ಟುಪಾಡು ಇದ್ದ ಮೇಲೆ, ಯಾವ ಪ್ರೊಸೆಸರು ಒಂದು ಕೆಲಸವನ್ನು ಬಿಟ್ಟು ಇನ್ನೊಂದನ್ನು ಕೈಗೆತ್ತಿಕೊಂಡಿತೋ ಅದು ಹಳೆಯದನ್ನು ಓದಿ ಮುಗಿಸಿದೆ ಎಂದೇ ಅರ್ಥ. ಅದು ಕೆಲಸವಿಲ್ಲದೆ ಸುಮ್ಮನಿದ್ದರೂ, ಕರ್ನೆಲ್ಲಿನ ಹೊರಗಣ ಕಾರ್ಯಕ್ರಮವೊಂದನ್ನು ನಡೆಸುತ್ತಿದ್ದರೂ ಹಾಗೆಯೇ ತಿಳಿಯಬಹುದು. ಊಟಕ್ಕೆ ಕುಳಿತವನು ಸಂಕದ ಮೇಲಿರಲಾರನು! ಕೈಮರವನ್ನು ತಿರುಗಿಸಿದ ಮೇಲೆ ಪ್ರತಿಯೊಂದು ಪ್ರೊಸೆಸರೂ ಒಮ್ಮೆ ಹೀಗೆ ಕಾಣಿಸಿಕೊಳ್ಳುವ ತನಕ ಕಾಯುವುದು. ಆಮೇಲೆ ಹಳೆಯದನ್ನು ಅಳಿಸುವುದು. ಈ ಕಾಯುವ ಅವಧಿಗೆ ಗ್ರೇಸ್ ಪೀರಿಯಡ್ ಎಂದು ಹೆಸರಂತೆ. ಪರೀಕ್ಷೆಯ ಗ್ರೇಸ್ ಅಂಕಗಳನ್ನು ಮಾತ್ರ ಬಲ್ಲ ನನಗೆ ಈ ಗ್ರೇಸು ಅದಕ್ಕಿಂತ ಘನವಾದದ್ದೆಂದು ತೋರಿತು.

ದೊಡ್ಡ ಯಂತ್ರಗಳಲ್ಲಿ ಬಳಸುವ ಒಂದು ಬಗೆಯ ಕರ್ನೆಲ್ಲಿನಲ್ಲಿ, ಓದು ಆರಂಭವಾಯಿತು, ಓದು ಮುಗಿಯಿತು ಎಂದು ತೋರಿಸುವ ಆಜ್ಞೆಗಳನ್ನು ಬರೆದಿದ್ದರೂ ಅವುಗಳಿಂದ ಯಂತ್ರಕ್ಕೆ ಒಂದು ಹೆಜ್ಜೆಯ ಕೆಲಸವೂ ಹುಟ್ಟುವುದಿಲ್ಲ. ಓದುಗನು ತೆರುವ ಬೆಲೆ ಸೊನ್ನೆ. ಕೆಲಸವನ್ನು ನಡುವೆಯೇ ತಡೆದು ನಿಲ್ಲಿಸಬಹುದಾದ ಬೇರೆ ಬಗೆಯ ಕರ್ನೆಲ್ಲುಗಳಲ್ಲಿ ಓದುಗನಿಗೂ ಒಂದಿಷ್ಟು ಲೆಕ್ಕದ ಕೆಲಸ ಉಂಟು. ಆದರೂ ಅದು ಬೀಗದ ಖರ್ಚಿನ ಮುಂದೆ ಅಲ್ಪ.

ಓದು, ಪ್ರತಿಮಾಡು, ಬದಲಿಸು ಎಂಬರ್ಥದಲ್ಲಿ ಇದನ್ನು ರೀಡ್-ಕಾಪಿ-ಅಪ್‌ಡೇಟ್ ಎನ್ನುತ್ತಾರೆ, ಚಿಕ್ಕದಾಗಿ ಆರ್.ಸಿ.ಯು. ಹಳೆಯ ಪ್ರತಿಯನ್ನು ಓದುಗರು ಇರುವ ತನಕ ಉಳಿಸಬೇಕೆಂಬ ವಿಚಾರವನ್ನು ಕುಂಗ್ ಮತ್ತು ಲೆಹ್‌ಮನ್ ಎಂಬ ವಿದ್ವಾಂಸರು ೧೯೮೦ರಲ್ಲಿಯೇ ಬರೆದಿದ್ದರು. ಅಮೆರಿಕದ ಆರೆಗಾನ್ ಸಂಸ್ಥಾನದ ಸೀಕ್ವೆಂಟ್ ಎಂಬ ಕಂಪೆನಿಯಲ್ಲಿ ಪಾಲ್ ಮೆಕೆನಿ ಮತ್ತು ಜಾನ್ ಸ್ಲಿಂಗ್‌ವೈನ್ ೧೯೯೩ರ ಸುಮಾರಿಗೆ ತಮ್ಮ ಯಂತ್ರಗಳ ಕರ್ನೆಲ್ಲಿನಲ್ಲಿ ಈ ಕ್ರಮವನ್ನು ನಡೆಸಿ ತೋರಿಸಿದರು. ೧೯೯೯ರಲ್ಲಿ ಐ.ಬಿ.ಎಂ. ಆ ಕಂಪೆನಿಯನ್ನು ಕೊಂಡುಕೊಂಡಿತು. ಕಥೆ ನಮ್ಮ ನಾಡಿಗೆ ಬರುವುದು ಇಲ್ಲಿಂದ ಮುಂದೆ. ಬೆಂಗಳೂರಿನಲ್ಲಿದ್ದ ಐ.ಬಿ.ಎಂ. ಲಿನಕ್ಸ್ ವಿಭಾಗದ ದೀಪಂಕರ ಶರ್ಮಾ ಮತ್ತು ಮನೀಶ್ ಸೋನಿ ಎಂಬ ಇಂಜಿನಿಯರುಗಳು ಮೆಕ್ಕೆನಿ ಮೊದಲಾದವರೊಡನೆ ಸೇರಿ ೨೦೦೧ರಲ್ಲಿ ಕೆನಡದ ಒಟ್ಟಾವಾ ನಗರದ ಲಿನಕ್ಸ್ ಸಮ್ಮೇಳನಕ್ಕೆ ಈ ವಿಷಯವಾಗಿ ಪ್ರಬಂಧ ಬರೆದರು. ೨೦೦೨ರ ಅಕ್ಟೋಬರಿನಲ್ಲಿ, ೨.೫.೪೩ ಎಂಬ ಆವೃತ್ತಿಯ ಮೂಲಕ ಆರ್.ಸಿ.ಯು. ಲಿನಕ್ಸಿನೊಳಗೆ ಸೇರಿತು, ಸೇರಿದ್ದು ಶರ್ಮಾ ಅವರು ಕಳುಹಿಸಿದ ತಿದ್ದುಪಡಿಯಿಂದ.

ಅದರಿಂದ ಆದ ಉಪಕಾರಕ್ಕೆ ಒಂದೇ ಉದಾಹರಣೆ ಸಾಕು. ಕಾಗದದ ಮೇಲಿನ ವಿಳಾಸವನ್ನು ಜಿಲ್ಲೆ, ತಾಲೂಕು, ಊರು, ಮನೆ ಎಂದು ಹಂತಹಂತವಾಗಿ ಅಂಚೆಯವರು ಬಿಡಿಸಿಕೊಳ್ಳುವುದಿಲ್ಲವೆ? ಗಣಕದಲ್ಲಿ ಕಡತವೊಂದನ್ನು ತೆರೆಯಬೇಕಾದಾಗಲೂ ಕರ್ನೆಲ್ಲು ಅದರ ವಿಳಾಸವನ್ನು ಹೀಗೆಯೇ ಹಂತಹಂತವಾಗಿ ನಡೆಯುತ್ತದೆ. ಪ್ರತಿ ಹಂತದಲ್ಲಿಯೂ ಒಂದು ಪಟ್ಟಿಯನ್ನು ನೋಡುತ್ತದೆ. ನೋಡುವುದು ಲೆಕ್ಕವಿಲ್ಲದಷ್ಟು ಸಲ, ಬದಲಿಸುವುದು ಅಪರೂಪ. ಅಂಥ ಪಟ್ಟಿಗೆ ಪ್ರತಿ ಸಲವೂ ಬೀಗ ತೆಗೆದು ಹಾಕುತ್ತಿದ್ದರೆ ಹೇಗೆ? ಬೀಗವಿಲ್ಲದೆ ಅದನ್ನು ಓದುವ ದಾರಿಯನ್ನು ಮಾಡಿದವರು ಇದೇ ಬೆಂಗಳೂರಿನ ಇಬ್ಬರು ಮತ್ತು ಅವರ ಜೊತೆಗಾರರು. ಆ ಕೆಲಸದ ವಿವರವನ್ನು ಅವರು ಮೆಕೆನಿಯೊಡನೆ ೨೦೦೪ರಲ್ಲಿ ಲಿನಕ್ಸ್ ಜರ್ನಲ್ ಪತ್ರಿಕೆಗೆ ಬರೆದಿದ್ದಾರೆ. ಇಂದು ಲಿನಕ್ಸಿನೊಳಗೆ ಸಾವಿರಾರು ಕಡೆಗಳಲ್ಲಿ ಈ ಕ್ರಮ ನಡೆಯುತ್ತಿದೆ. ನೀವು ಕೈಯಲ್ಲಿ ಹಿಡಿದಿರುವ ಫೋನಿನಲ್ಲಿ ಈ ಗಳಿಗೆಯಲ್ಲಿಯೂ ಎಷ್ಟೋ ಸಂಕಗಳು ಬದಲಾಗುತ್ತಿರಬಹುದು. ದಾಟುವವರಿಗೆ ಅದರ ಸುಳಿವೂ ಇಲ್ಲ.

ಹಾಗೆಂದು ಇದು ಎಲ್ಲ ರೋಗಕ್ಕೂ ಮದ್ದಲ್ಲ. ಕೆಲವು ಗಳಿಗೆ ಹಳೆಯದು, ಹೊಸದು ಎರಡೂ ಒಟ್ಟಿಗೆ ಬದುಕಿರುತ್ತವೆ. ಒಬ್ಬನು ಹಳೆಯದನ್ನು ನಿಜವೆಂದು ತಿಳಿದಿರುವಾಗ ಇನ್ನೊಬ್ಬನು ಹೊಸದನ್ನು ನಿಜವೆಂದು ತಿಳಿದಿರುತ್ತಾನೆ. ೧೯೫೭ರ ಏಪ್ರಿಲ್ ೧ರಂದು ನಯೇ ಪೈಸೆ ಬಂದಾಗ ಆಣೆಗಳೂ ಕೆಲಕಾಲ ಅದರೊಡನೆಯೇ ಚಲಾವಣೆಯಲ್ಲಿದ್ದವಷ್ಟೆ. ಆಣೆ ಹಿಡಿದು ಪೇಟೆಗೆ ಹೊರಟವನು ನಡುದಾರಿಯಲ್ಲಿ ಬರಿಗೈಯವನಾಗಲಿಲ್ಲ. ಹೀಗೆ ಎರಡನ್ನೂ ಸಹಿಸಬಲ್ಲ ವ್ಯವಹಾರಕ್ಕೆ ಮಾತ್ರ ಇದು ಸಲ್ಲುತ್ತದೆ. ಸೊಸೈಟಿಯಲ್ಲಿ ನನ್ನ ಖಾತೆಯಿಂದ ಹಣ ತೆಗೆಯುವಾಗ ಗುಮಾಸ್ತರು ಹಳೆಯ ಬಾಕಿಯನ್ನು ನೋಡಿ ಕೊಟ್ಟರೆ ನಡೆಯುವುದಿಲ್ಲ. ಅಲ್ಲಿ ಬೀಗವೇ ಸರಿ. ತಿದ್ದುವವರು ಇಬ್ಬರಾದರೆ ಅವರ ನಡುವೆಯೂ ಬೀಗ ಬೇಕು. ಒಂದು ಹಳ್ಳಕ್ಕೆ ಇಬ್ಬರು ಅಜ್ಜಂದಿರು ಏಕಕಾಲಕ್ಕೆ ಸಂಕ ಹಾಕಿಸಲಾಗದು. ಹೊಸದು ಪೂರ್ತಿಯಾಗುವ ಮೊದಲೇ ಕೈಮರ ತಿರುಗಿಬಿಡುವ ಭಯವೂ ಇದೆ; ಇಂದಿನ ಪ್ರೊಸೆಸರುಗಳು ವೇಗದ ಆಸೆಯಿಂದ ಕೆಲಸಗಳನ್ನು ಹಿಂದುಮುಂದಾಗಿ ಮಾಡುವುದುಂಟು, ಆದ್ದರಿಂದ “ಮೊದಲು ಸಂಕ, ಆಮೇಲೆ ಕಂಟಿ” ಎಂದು ಅವುಗಳಿಗೆ ಕಟ್ಟಪ್ಪಣೆ ಮಾಡಬೇಕಾಗುತ್ತದೆ. ಇನ್ನು ಯಾವನಾದರೂ ಸಂಕದ ಮೇಲೆಯೇ ಕುಳಿತುಬಿಟ್ಟರೆ ಹಳೆಯದನ್ನು ಕೀಳುವಂತೆಯೇ ಇಲ್ಲ; ಹಳೆಯ ಪ್ರತಿಗಳು ರಾಶಿಬಿದ್ದು ಮೆಮೊರಿ ತುಂಬುತ್ತದೆ. ಸಾಮಾನ್ಯವಾಗಿ ೨೧ ಸೆಕೆಂಡುಗಳಾದರೂ ಒಂದು ಪ್ರೊಸೆಸರು ಊಟಕ್ಕೆ ಬಾರದಿದ್ದರೆ ಕರ್ನೆಲ್ಲು ದೂರು ಬರೆದಿಡುತ್ತದೆ.

“ಎಲ್ಲಕ್ಕಿಂತ ಕೆಟ್ಟ ತಪ್ಪು ಯಾವುದು?” ಎಂದು ಕೇಳಿದೆ.

“ಕಾಯದೆ ಕೀಳುವುದು” ಎಂದನು ತಮ್ಮ. “ಕೈಮರ ತಿರುಗಿಸಿಯಾಯಿತು, ಇನ್ನೇನು ಎಂದು ಹಳೆಯದನ್ನು ಕೂಡಲೇ ಅಳಿಸಿಬಿಡುವುದು. ಹತ್ತು ಸಾವಿರ ಸಲ ಏನೂ ಆಗುವುದಿಲ್ಲ. ಆ ಗಳಿಗೆಯಲ್ಲಿ ಯಾರೂ ಹಾದಿಯಲ್ಲಿರುವುದಿಲ್ಲ. ಮತ್ತೊಂದು ಸಲ ಒಬ್ಬನಿರುತ್ತಾನೆ. ಅವನು ಏನೂ ತಪ್ಪು ಮಾಡಿದವನಲ್ಲ. ಅವನು ಬರುವಾಗ ಕೈಮರ ಹಳೆಯದನ್ನೇ ತೋರಿಸುತ್ತಿತ್ತು. ಅವನು ಕಾಲಿಟ್ಟಲ್ಲಿ ಸಂಕವಿಲ್ಲ. ಯಂತ್ರವೇ ನಿಲ್ಲಬಹುದು, ಅದಕ್ಕಿಂತ ಕೆಟ್ಟದ್ದೆಂದರೆ ಆ ಖಾಲಿ ಜಾಗದಲ್ಲಿ ಕಳ್ಳನು ತನ್ನದನ್ನು ಇಟ್ಟು ಕಾದಿರಬಹುದು. ಇಂಥ ತಪ್ಪನ್ನು ಹುಡುಕುವುದೂ ಕಷ್ಟ. ಮತ್ತೆ ಮಾಡಿ ನೋಡಿದರೆ ಆಗುವುದೇ ಇಲ್ಲ. ನಿಮಗೆ ಅದು...”

“ಅದು ನನಗೆ ಗೊತ್ತು, ತಮಾ” ಎಂದರು ಮೂಲೆಯಿಂದ ಚಿಕ್ಕಪ್ಪ.

ಇಬ್ಬರೂ ಸುಮ್ಮನಾದೆವು. ನನಗಂತೂ ಮುಂದಿನದೆಲ್ಲ ತಿಳಿದೇ ಇತ್ತು. ನನ್ನ ತಮ್ಮನಿಗೆ ತಿಳಿದಿರಲಿಲ್ಲವೆಂದು ಅಂದೇ ಗೊತ್ತಾದದ್ದು.

೨೦೦೨ರ ಮೇ ತಿಂಗಳು. ಅಜ್ಜ ತೀರಿಕೊಂಡು ಒಂದು ವರ್ಷವಾಗಿತ್ತು. ಸಂಕ ಬದಲಿಸುವ ಹೊಣೆ ಆ ಸಲ ಚಿಕ್ಕಪ್ಪನ ಮೇಲೆ ಬಿದ್ದಿತು. ಹೊಸ ಸಂಕವನ್ನು ಅವರು ಚೆನ್ನಾಗಿಯೇ ಹಾಕಿಸಿದರು. ಅಜ್ಜನದಕ್ಕಿಂತ ಗಟ್ಟಿಯಾಗಿತ್ತೆಂದು ನೋಡಿದವರು ಹೇಳುತ್ತಿದ್ದರು. ಆದರೆ ಕೆಲಸ ಮುಗಿಯುವಾಗ ಸಂಜೆಯಾಗಿತ್ತು, ಮೋಡ ಕಟ್ಟಿತ್ತು. ಮಳೆ ಬೀಳುವುದರೊಳಗೆ ಹಳೆಯ ಮರಗಳನ್ನು ತೆಗೆದು ಸೌದೆಯ ಕೊಟ್ಟಿಗೆಗೆ ಸೇರಿಸಿಬಿಡುವ ಆತುರ. ಎರಡು ಕಡೆಯ ಕವಲಿನಲ್ಲಿಯೂ ಕಂಟಿಯಿಟ್ಟರು, ಹೊಸ ಸಂಕದ ಮೇಲಿನಿಂದಲೇ ಬಂದರು, ಹಳೆಯದನ್ನು ಕೀಳಿಸಿದರು, ಮರಗಳನ್ನು ಹೊರಿಸಿಕೊಂಡು ಮನೆಗೆ ನಡೆದರು. ಊಟದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅದು ಊಟದ ಹೊತ್ತೂ ಆಗಿರಲಿಲ್ಲ.

ಬೆಟ್ಟದ ಕಡೆಯ ಕವಲನ್ನು ನಮ್ಮ ಆಯಿ ಕಂಟಿ ಬೀಳುವುದಕ್ಕೆ ಸ್ವಲ್ಪ ಮೊದಲೇ ದಾಟಿದ್ದಳು. ತಲೆಯ ಮೇಲೆ ಹುಲ್ಲಿನ ಹೊರೆ. ಕವಲಿನಿಂದ ಸಂಕಕ್ಕೆ ಬರುವ ಹಾದಿ ಪೊದೆಗಳ ನಡುವೆ ಬಳಸಿಕೊಂಡು ಬರುತ್ತದೆ. ನಡುವೆ ಒಂದು ಬಂಡೆಯ ಮೇಲೆ ಹೊರೆಯಿಳಿಸಿ ದಣಿವಾರಿಸಿಕೊಂಡು, ಮತ್ತೆ ಹೊತ್ತು ಹೊರಟಾಗ ಕತ್ತಲು ಕವಿಯುತ್ತಿತ್ತು. ಹೊರೆಯ ಹುಲ್ಲು ಕಣ್ಣಿನ ಮೇಲೆ ಇಳಿಬಿದ್ದಿತ್ತು. ಹೊರೆ ಹೊತ್ತವರು ಆ ಹಾದಿಯಲ್ಲಿ ಕಣ್ಣಿನಿಂದ ನಡೆಯುವುದಿಲ್ಲ, ಕಾಲಿನ ನೆನಪಿನಿಂದ ನಡೆಯುತ್ತಾರೆ. ಕಾಲಿಗೆ ನೆನಪಿದ್ದ ಜಾಗದಲ್ಲಿ ಸಂಕವಿರಲಿಲ್ಲ.

ಹುಲ್ಲಿನ ಹೊರೆ ಮೊದಲು ಬಿದ್ದದ್ದರಿಂದ ತಲೆ ಉಳಿಯಿತು. ಎಡಗಾಲಿನ ಮೂಳೆ ಮುರಿಯಿತು. ಲಾಟೀನು ಹಿಡಿದು ಹುಡುಕಿ ಎತ್ತಿ ತಂದವರು ಚಿಕ್ಕಪ್ಪನೇ. ಶಿರಸಿಯ ಆಸ್ಪತ್ರೆಯಲ್ಲಿ ಹಗಲಿರುಳು ಕುಳಿತವರೂ ಅವರೇ. ಮೂಳೆ ಕೂಡಿತು, ನಡಿಗೆ ಮಾತ್ರ ಮೊದಲಿನಂತಾಗಲಿಲ್ಲ. ಇಂದಿಗೂ ಆಯಿ ಎಡಗಾಲನ್ನು ಎಳೆದುಕೊಂಡೇ ನಡೆಯುತ್ತಾಳೆ. ಬೆಂಗಳೂರಿನಲ್ಲಿ ಕುಳಿತು ಇಬ್ಬರು ಇಂಜಿನಿಯರುಗಳು ಅಜ್ಜನ ಕ್ರಮವನ್ನೇ ಹೋಲುವ ಕ್ರಮವೊಂದನ್ನು ಪ್ರಪಂಚಕ್ಕೆ ಒಪ್ಪಿಸಿದ ವರ್ಷವೇ ಅಜ್ಜನ ಮನೆಯಲ್ಲಿ ಅದು ತಪ್ಪಿತು. ಇದು ಕಾಕತಾಳೀಯವೆಂದು ಬಲ್ಲೆ. ಆದರೂ ಎರಡು ಸಂಗತಿಗಳು ನನ್ನ ಮನಸ್ಸಿನಲ್ಲಿ ಒಂದೇ ಗಂಟಾಗಿ ಕುಳಿತುಬಿಟ್ಟಿವೆ.

ಅಂದು ರಾತ್ರಿ ಚಿಕ್ಕಪ್ಪನ ಮಾತನ್ನು ಕೇಳಿ ಒಳಗಿನಿಂದ ಆಯಿಯೇ ಹೊರಗೆ ಬಂದಳು. “ಆಗಿ ಹೋದದ್ದನ್ನು ಈಗ ಏಕೆ ತೆಗೆಯುತ್ತೀರಿ? ಕಂಟಿ ಕಂಡಿದ್ದರೆ ನಾನೇ ಆ ಕಡೆ ಹೋಗುತ್ತಿದ್ದೆ. ಕಾಣುವ ಮೊದಲೇ ದಾಟಿಬಿಟ್ಟಿದ್ದೆ. ಯಾರ ತಪ್ಪೂ ಅಲ್ಲ” ಎಂದಳು. ಚಿಕ್ಕಪ್ಪ ಉತ್ತರ ಹೇಳಲಿಲ್ಲ. ತಮ್ಮ ತಂದೆಯ ಮುಖವನ್ನೇ ನೋಡುತ್ತ ಬಹಳ ಹೊತ್ತು ಕುಳಿತಿದ್ದನು. ಯಂತ್ರದೊಳಗಿನ ಯಾವ ದೂರನ್ನು ಓದಿದಾಗಲೂ ಅವನ ಮುಖ ಹಾಗಾಗಿರಲಾರದು.

ಹೊಸದನ್ನು ಕಟ್ಟುವ ಉತ್ಸಾಹ ನಮ್ಮಲ್ಲಿ ಅನೇಕರಿಗೆ ಇದೆ, ಅದು ಒಳ್ಳೆಯದೇ. ಕೈಮರವನ್ನು ತಿರುಗಿಸುವ ಜಾಣ್ಮೆಯೂ ಕೆಲವರಿಗೆ ಇದೆ. ಆದರೆ ಹಳೆಯದನ್ನು ನಂಬಿ ಹೊರಟವರು ಇನ್ನೂ ಹಾದಿಯಲ್ಲಿದ್ದಾರೆಂಬುದನ್ನು ನೆನೆದು ಒಂದು ಹೊತ್ತು ಕಾಯುವ ತಾಳ್ಮೆ ಮಾತ್ರ ಅಪರೂಪ. ಆ ತಾಳ್ಮೆಯ ಬೆಲೆಯನ್ನು ದಾಟುವವನು ತೆರಬೇಕಾಗಿಲ್ಲ, ಬದಲಿಸುವವನು ತೆರಬೇಕು. ಅಜ್ಜನ ಕ್ರಮದ ಸಾರವೂ ಇದೇ, ಮೆಕೆನಿಯ ಕ್ರಮದ ಸಾರವೂ ಇದೇ.

ನಮ್ಮ ಹಳ್ಳಕ್ಕೆ ಈಗ ಸಿಮೆಂಟಿನ ಮೋರಿ ಬಂದಿದೆ. ಸಂಕ ಬದಲಿಸುವ ಕೆಲಸ ಉಳಿದಿಲ್ಲ, ಕಂಟಿಯಿಡುವ ಕೆಲಸವೂ ಇಲ್ಲ. ಆದರೆ ರಾತ್ರಿ ಹೆಬ್ಬಾಗಿಲನ್ನು ಹಾಕುವ ಮೊದಲು ಚಿಕ್ಕಪ್ಪ ಇಂದಿಗೂ ಜಗಲಿಯಲ್ಲಿ ನಿಂತು ಕೇಳುತ್ತಾರೆ: “ಎಲ್ಲರದೂ ಊಟ ಆತೋ?” ಮನೆಯಲ್ಲಿ ಇರುವವರು ಮೂರೇ ಮಂದಿ, ಎಲ್ಲರೂ ಅವರ ಎದುರಿನಲ್ಲಿಯೇ ಉಂಡೆದ್ದಿರುತ್ತಾರೆ. ಆದರೂ ಒಳಗಿನಿಂದ ಆಯಿಯ ದನಿಯಲ್ಲಿ “ಆತು” ಎಂಬ ಉತ್ತರ ಬರುವ ತನಕ ಅವರು ಅಗುಳಿಯನ್ನು ಮುಟ್ಟುವುದಿಲ್ಲ.